ಮರಳಿ ಬರುವ ಕಾರ್ಖಾನೆ, ಮರಳಿನ ಹದ

ಕಳೆದ ವರ್ಷ ನಮ್ಮ ಪಾಲಿಟೆಕ್ನಿಕ್‌ನ ಫೌಂಡ್ರಿ ಲ್ಯಾಬಿನಲ್ಲಿ ಒಬ್ಬ ಹುಡುಗ ಒಂದು ಹಿಡಿ ಮರಳು ತೆಗೆದುಕೊಂಡು ಮುಷ್ಟಿಯಲ್ಲಿ ಹಿಂಡಿದ. ಮುಷ್ಟಿ ಬಿಚ್ಚಿದಾಗ ಉಂಡೆಯ ಮೇಲೆ ಬೆರಳಿನ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ಅಂಗೈಗೆ ಮರಳು ಅಂಟಿರಲಿಲ್ಲ. ಆಮೇಲೆ ಉಂಡೆಯನ್ನು ಎರಡು ಕೈಯಿಂದ ಮುರಿದ. ಕಟಕ ರೊಟ್ಟಿ ಮುರಿದ ಹಾಗೆ ನೇರವಾಗಿ ಮುರಿಯಿತು, ಅಂಚು ಉದುರಲಿಲ್ಲ. "ಹದ ಐತ್ರಿ ಸರ್" ಅಂದ.

ನಾನು ಅದನ್ನು ಇನ್ನೂ ಹೇಳಿಕೊಟ್ಟಿರಲಿಲ್ಲ. ಯಾರು ಕಲಿಸಿದರು ಅಂತ ಕೇಳಿದೆ. "ನಮ್ಮಪ್ಪ ಬಿತ್ತಾಕಿಂತ ಮೊದ್ಲ ಹೊಲದಾಗ ಹಿಂಗ ನೋಡ್ತಾನ್ರಿ" ಅಂದ. ಅವನದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಎರೆಹೊಲ.

ಫೌಂಡ್ರಿ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಟ್ರ್ಯಾಕ್ಟರ್ ಎಂಜಿನ್ನಿನ ಬ್ಲಾಕ್, ನೀರಿನ ಪಂಪಿನ ಮೈ, ಇವೆಲ್ಲ ಎರಕದ ಕಬ್ಬಿಣ. ಮರಳಿನಲ್ಲಿ ಅಚ್ಚು ಮಾಡಿ, ಅದರೊಳಗೆ ಸುಮಾರು 1,350ರಿಂದ 1,400 ಡಿಗ್ರಿ ಕಾದ ಕಬ್ಬಿಣದ ರಸ ಸುರಿಯುತ್ತಾರೆ. ಆ ಮರಳಿಗೆ ಬೆಂಟೊನೈಟ್ ಅನ್ನುವ ಜೇಡಿಮಣ್ಣು, ಸ್ವಲ್ಪ ಕಲ್ಲಿದ್ದಲ ಪುಡಿ, ನೂರಕ್ಕೆ ಮೂರು ನಾಲ್ಕು ಪಾಲು ನೀರು ಬೆರೆಸಿರುತ್ತಾರೆ. ನೀರು ಜಾಸ್ತಿಯಾದರೆ ರಸ ತಾಗಿದ ಕೂಡಲೇ ಆವಿ ಎದ್ದು ಕಬ್ಬಿಣದೊಳಗೆ ಗುಳ್ಳೆ ಉಳಿಯುತ್ತದೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಕಬ್ಬಿಣಕ್ಕೆ ಸೇರುತ್ತದೆ. ಎರಡರಲ್ಲೂ ಮಾಲು ರಿಜೆಕ್ಟ್. ತೇವ ಅಳೆಯಲು ಮೀಟರ್ ಇದೆ, ಅದು ಬೇಕೇ ಬೇಕು. ಆದರೆ ಮಿಕ್ಸರ್‌ನಿಂದ ಮರಳು ಒಂದೇ ಸಮನೆ ಬೀಳುತ್ತಿರುತ್ತದೆ. ಲ್ಯಾಬಿನಿಂದ ರಿಪೋರ್ಟ್ ಬರುವಷ್ಟರಲ್ಲಿ ಹತ್ತಾರು ಅಚ್ಚು ಮುಗಿದಿರುತ್ತವೆ. ಹೀಗಾಗಿ ಒಳ್ಳೆಯ ಮೌಲ್ಡರ್ ಮೊದಲು ಕೈಯನ್ನೇ ಕೇಳುತ್ತಾನೆ.

ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಪದ, ಹದ. ಬಿತ್ತುವ ನೆಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ, ಕಮ್ಮಾರ ಕುಡುಗೋಲಿಗೆ ಕೊಡುವುದೂ ಹದ. ದೇಶ ಬಿಟ್ಟು ಹೋದ ಕಾರ್ಖಾನೆಗಳು ಮನೆಗೆ ಮರಳುತ್ತಿವೆ ಅನ್ನುವ ಸುದ್ದಿ ಓದುವಾಗೆಲ್ಲ ನನಗೆ ಈ ಪದ ನೆನಪಾಗುತ್ತದೆ. ಜಮೀನು, ಕರೆಂಟು, ತೆರಿಗೆ ರಿಯಾಯಿತಿ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಹದ ಬಲ್ಲವರು ಎಲ್ಲಿದ್ದಾರೆ, ಅವರಿಂದ ನಮ್ಮ ಮಕ್ಕಳು ಕಲಿಯುವುದು ಹೇಗೆ ಅನ್ನುವ ಚರ್ಚೆ ಸಾಲದು. ನಾನು ಹನ್ನೊಂದು ವರ್ಷ ಫೌಂಡ್ರಿಯಲ್ಲಿ ದುಡಿದು ಆಮೇಲೆ ಪಾಠಕ್ಕೆ ಬಂದವನು. ಇದರ ಬಗ್ಗೆ ವಿವರವಾಗಿ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಕಾರ್ಖಾನೆಗಳು ಮೊದಲು ಹೋಗಿದ್ದಾದರೂ ಯಾಕೆ? ಕೂಲಿ ಕಡಿಮೆ ಇರುವ ಕಡೆ ಮಾಲು ಅಗ್ಗವಾಗಿ ತಯಾರಾಗುತ್ತದೆ. ಹಡಗಿನ ಕಂಟೇನರ್ ಬಂದ ಮೇಲೆ ಸಾಗಣೆಯೂ ಅಗ್ಗವಾಯಿತು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಅಲ್ಲಿಂದ ಮುಂದೆ ಅಮೆರಿಕ, ಯುರೋಪಿನ ಕಂಪನಿಗಳು ಸಾಲುಗಟ್ಟಿ ಅಲ್ಲಿಗೆ ಹೋದವು.

ಅದರ ಬಿಸಿ ನಮ್ಮ ಕಡೆಗೂ ತಟ್ಟಿತು. ಆ ದಶಕದಲ್ಲಿ ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಓಡಾಡಿದವರಿಗೆ ಅದಿರು ಲಾರಿಗಳ ಸಾಲು, ಕೆಂಪು ಧೂಳು ಹಿಡಿದ ಮರದ ಎಲೆ ಚೆನ್ನಾಗಿ ನೆನಪಿರುತ್ತದೆ. ಬಳ್ಳಾರಿಯ ಅದಿರು ಬಂದರು ಸೇರಿ ಚೀನಾಕ್ಕೆ ಹೋಯಿತು. ಅಲ್ಲಿ ಉಕ್ಕಾಯಿತು, ಉಕ್ಕು ಯಂತ್ರವಾಯಿತು. ನಮಗೆ ಉಳಿದದ್ದು ಗುಂಡಿ. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಮಣ್ಣು ಮಾರುವುದಕ್ಕೂ ವಸ್ತು ಮಾಡಿ ಮಾರುವುದಕ್ಕೂ ಎಷ್ಟು ಅಂತರ ಅನ್ನುವುದನ್ನು ಬಳ್ಳಾರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಖಾಸಗಿ ಕಂಪನಿಯೊಂದು ಬಂದು ಅಲ್ಲಿ ಉಕ್ಕಿನ ಕೆಲಸ ಶುರುವಾಗಲು 1990ರ ದಶಕದ ಕೊನೆಯೇ ಬೇಕಾಯಿತು. ಈಗ ಅಲ್ಲಿ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಹೆಚ್ಚು ಉಕ್ಕು ಮಾಡುವ ಸಾಮರ್ಥ್ಯ ಇದೆ.

ಹಾಗಾದರೆ ಈಗ ಕಾರ್ಖಾನೆಗಳು ವಾಪಸ್ ಬರುತ್ತಿರುವುದು ಯಾಕೆ? ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಬಿಡಿಭಾಗ ಹೊರದೇಶದಲ್ಲಿ 40 ರೂಪಾಯಿಗೆ ಸಿಗುತ್ತದೆ, ಇಲ್ಲಿ ಮಾಡಿದರೆ 48 ಅಂತ ಇಟ್ಟುಕೊಳ್ಳಿ. ಮೇಲ್ನೋಟಕ್ಕೆ 8 ರೂಪಾಯಿ ಉಳಿತಾಯ. ಆದರೆ ಹಡಗಿನ ಬಾಡಿಗೆ ಇದೆ, ಸುಂಕ ಇದೆ. ಮಾಲು ಸಮುದ್ರದ ಮೇಲಿರುವಷ್ಟು ದಿನ ದುಡ್ಡು ಸಿಕ್ಕಿಕೊಂಡಿರುತ್ತದೆ. ಬಂದ ಮಾಲಿನಲ್ಲಿ ನೂರಕ್ಕೆ ಐದು ಕೆಟ್ಟಿದ್ದರೆ ವಾಪಸ್ ಕಳಿಸುವ ಹಾಗಿಲ್ಲ, ಹೊಸದು ಬರುವವರೆಗೆ ಲೈನ್ ನಿಲ್ಲುತ್ತದೆ. ಇದನ್ನೆಲ್ಲ ಕೂಡಿಸಿದರೆ 40 ಎಷ್ಟೋ ಸಲ 50 ದಾಟುತ್ತದೆ. ಅಮೆರಿಕದಲ್ಲಿ ಹ್ಯಾರಿ ಮೋಸರ್ ಅನ್ನುವವರು 2010ರಲ್ಲಿ ರೀಶೋರಿಂಗ್ ಇನಿಶಿಯೇಟಿವ್ ಅನ್ನುವ ಸಂಸ್ಥೆ ಕಟ್ಟಿ ಇದೇ ಲೆಕ್ಕವನ್ನು ಕಂಪನಿಗಳ ಮುಂದೆ ಇಡುತ್ತಾ ಬಂದರು. ರೇಟು ನೋಡಬೇಡಿ, ಒಟ್ಟು ಖರ್ಚು ನೋಡಿ ಅನ್ನುವುದು ಅವರ ವಾದ. ಅಷ್ಟರಲ್ಲಿ ಚೀನಾದಲ್ಲಿ ಕೂಲಿಯೂ ಏರಿತು. 2020ರಲ್ಲಿ ಕೊರೊನಾ ಬಂದು ಮಾಸ್ಕಿಗೂ ಬೇರೆಯವರ ಮುಖ ನೋಡುವ ಪರಿಸ್ಥಿತಿ ಬಂತು. 2021ರ ಮಾರ್ಚ್‌ನಲ್ಲಿ ಒಂದೇ ಒಂದು ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ಸಾಗಣೆ ಕಟ್ಟಿತು. ಎಲ್ಲವನ್ನೂ ದೂರದ ಒಂದೇ ಊರಿನಿಂದ ತರಿಸುವುದು ಅಪಾಯ ಅನ್ನುವುದು ಆಗ ದೊಡ್ಡ ದೊಡ್ಡ ಕಂಪನಿಗಳಿಗೂ ಅರ್ಥವಾಯಿತು.

ಇಲ್ಲಿಯವರೆಗಿನ ಕಥೆ ದುಡ್ಡಿನದು. ನಿಜವಾದ ತೊಡಕು ಇದರ ಮುಂದೆ ಇದೆ.

ಟಿಎಸ್‌ಎಂಸಿ ಅನ್ನುವ ತೈವಾನ್ ಕಂಪನಿ ಅಮೆರಿಕದ ಅರಿಜೋನಾದಲ್ಲಿ ಚಿಪ್ ಕಾರ್ಖಾನೆ ಕಟ್ಟಲು ಹೊರಟಿತು. ದುಡ್ಡಿಗೆ ಕೊರತೆ ಇರಲಿಲ್ಲ. ಆದರೂ 2023ರ ಜುಲೈನಲ್ಲಿ, 2024ಕ್ಕೆ ಶುರುವಾಗಬೇಕಾದ ಕೆಲಸ 2025ಕ್ಕೆ ಹೋಗುತ್ತದೆ ಅಂತ ಕಂಪನಿ ಹೇಳಿತು. ಕೊಟ್ಟ ಕಾರಣ, ಯಂತ್ರಗಳನ್ನು ಕೂರಿಸುವ ನುರಿತ ಕೆಲಸಗಾರರು ಸಾಲುತ್ತಿಲ್ಲ. ಆಪಲ್ ಕಂಪನಿಯ ಟಿಮ್ ಕುಕ್ 2017ರಲ್ಲೇ ಇದನ್ನು ಹೇಳಿದ್ದರು. ಅಮೆರಿಕದಲ್ಲಿ ಟೂಲಿಂಗ್ ಎಂಜಿನಿಯರ್‌ಗಳನ್ನು, ಅಂದರೆ ಅಚ್ಚು, ಉಪಕರಣ ಮಾಡುವವರನ್ನು, ಕರೆದರೆ ಒಂದು ಕೋಣೆ ತುಂಬುತ್ತದೋ ಇಲ್ಲವೋ, ಚೀನಾದಲ್ಲಿ ಮೈದಾನಗಳೇ ತುಂಬುತ್ತವೆ ಅನ್ನುವ ಅರ್ಥದ ಮಾತು ಅದು. ಕಾರ್ಖಾನೆ ಹೋದಾಗ ಜೊತೆಗೆ ಕಸುಬೂ ಹೋಗುತ್ತದೆ. ಕಟ್ಟಡ ಎರಡು ವರ್ಷದಲ್ಲಿ ಏಳುತ್ತದೆ, ಕಸುಬಿಗೆ ಒಂದು ತಲೆಮಾರು ಬೇಕು.

ಕಸುಬು ಒಮ್ಮೆ ಕೈ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮದೇ ಉದಾಹರಣೆ ಇದೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕಾಯಿಸಿ ಮಾಡುತ್ತಿದ್ದ ಒಂದು ಉಕ್ಕಿಗೆ ಇಂಗ್ಲಿಷರು ವೂಟ್ಜ್ ಅನ್ನುತ್ತಿದ್ದರು. ಕನ್ನಡದ ಉಕ್ಕು ಅನ್ನುವ ಪದವೇ ಹಾಗೆ ಬದಲಾಯಿತು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಡಮಾಸ್ಕಸ್ ಕತ್ತಿಗಳ ಹೆಸರು ಈ ಉಕ್ಕಿನ ಜೊತೆಗೇ ಸೇರಿಕೊಂಡಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಬಗ್ಗೆ ಪ್ರಬಂಧ ಕೊಟ್ಟರು. ಮುಂದೆ ಮೈಕೆಲ್ ಫ್ಯಾರಡೆ ಕೂಡ ಅದರ ಗುಟ್ಟು ಹುಡುಕಿ ಪ್ರಯೋಗದ ಮೇಲೆ ಪ್ರಯೋಗ ಮಾಡಿದರು. ಅವರೇ ಕಮ್ಮಾರನ ಮಗ. ಆದರೂ ಆಗ ಆ ಗುಟ್ಟು ಬಿಡಿಸಲು ಆಗಲಿಲ್ಲ. ಇತ್ತ ನಮ್ಮಲ್ಲಿ ಮೂಸೆ ಹಚ್ಚುವವರು ಕಡಿಮೆಯಾದರು. ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ಆ ಕಸುಬು ಹೆಚ್ಚುಕಡಿಮೆ ನಿಂತುಹೋಯಿತು. ಅದಿರು ಎಲ್ಲಿಗೂ ಹೋಗಿರಲಿಲ್ಲ, ಇದ್ದಲೂ ಇತ್ತು. ಯಾವಾಗ ಗಾಳಿ ಹಾಕಬೇಕು, ಯಾವಾಗ ಬಿಡಬೇಕು ಅಂತ ಬಲ್ಲವರು ಉಳಿಯಲಿಲ್ಲ.

ಈಗ ಕೊಪ್ಪಳಕ್ಕೆ ಬರೋಣ. ಇಲ್ಲಿಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕಾರ್ಖಾನೆಗಳ ಕ್ಲಸ್ಟರ್‌ಗೆ ಶಿಲಾನ್ಯಾಸವಾಯಿತು. ಸುಮಾರು 400 ಎಕರೆಯ ಯೋಜನೆ ಅದು, ಬೆಳಗಾವಿಯ ಏಕಸ್ ಕಂಪನಿಯದು. ಅದರ ಹಿಂದೆ ದೇಶದ ನೀತಿಯೂ ಬದಲಾಗಿತ್ತು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಗುಣಮಟ್ಟದ ಬಿಐಎಸ್ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. 2018-19ರಲ್ಲಿ ಸುಮಾರು 37 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2021-22ಕ್ಕೆ 11 ಕೋಟಿ ಡಾಲರ್‌ಗೆ ಇಳಿಯಿತು. ರಫ್ತು 20 ಕೋಟಿಯಿಂದ 32 ಕೋಟಿ ಡಾಲರ್ ದಾಟಿತು. ಆಟಿಕೆ ಅಂದರೆ ಈ ಜಿಲ್ಲೆಗೆ ಹೊಸದೂ ಅಲ್ಲ. ಕೊಪ್ಪಳದ ಹತ್ತಿರವೇ ಕಿನ್ನಾಳ ಇದೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಅನ್ನುವ ಲೇಪ ಹಚ್ಚಿ, ಬಣ್ಣ ಬಳಿಯುವ ಚಿತ್ರಗಾರರ ಊರು ಅದು. ಕಿಟ್ಟ ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ಅಲ್ಲಿಯ ಮಕ್ಕಳು ಪುಸ್ತಕ ಓದಿ ಕಲಿತವರಲ್ಲ.

ಪ್ಲಾಸ್ಟಿಕ್ ಆಟಿಕೆಗೂ ಅದರದೇ ಹದ ಇದೆ, ಅದು ಅಚ್ಚಿನಲ್ಲಿದೆ. ಪ್ಲಾಸ್ಟಿಕ್ ಕಾಳನ್ನು ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ, ತಣಿಸಿ, ಹೊರಗೆ ತಳ್ಳುತ್ತಾರೆ. ಒಂದು ತುಂಡಿಗೆ ಕೆಲವೇ ಸೆಕೆಂಡು ಸಾಕು. ಅಚ್ಚು ಮಾಡಲು ಮಾತ್ರ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಯಾಕೆಂದರೆ ಪ್ಲಾಸ್ಟಿಕ್ ತಣಿಯುವಾಗ ಕುಗ್ಗುತ್ತದೆ. ಎಬಿಎಸ್ ಅನ್ನುವ ಪ್ಲಾಸ್ಟಿಕ್ ಸುಮಾರು ಶೇ 0.5ರಷ್ಟು ಕುಗ್ಗಿದರೆ, ಪಾಲಿಪ್ರೊಪಿಲೀನ್ ಶೇ 1ರಿಂದ 2ರಷ್ಟು ಕುಗ್ಗುತ್ತದೆ. ದಪ್ಪ ಇರುವ ಕಡೆ ಜಾಸ್ತಿ, ತೆಳು ಇರುವ ಕಡೆ ಕಡಿಮೆ. ಆಟಿಕೆ ಕಾರಿನ ಬಾಗಿಲು ಸರಿಯಾಗಿ ಕೂರಬೇಕಾದರೆ ಅಚ್ಚನ್ನು ಎಲ್ಲಿ ಎಷ್ಟು ದೊಡ್ಡದು ಮಾಡಬೇಕು, ತಣ್ಣೀರು ಎಲ್ಲಿ ಹರಿಸಬೇಕು ಅಂತ ಮೊದಲೇ ಊಹಿಸಬೇಕು. ಕಂಪ್ಯೂಟರ್ ಸಾಕಷ್ಟು ಹೇಳುತ್ತದೆ. ಮೊದಲ ಟ್ರಯಲ್‌ನಲ್ಲಿ ಬಂದ ತುಂಡನ್ನು ಬೆಳಕಿಗೆ ಹಿಡಿದು, ಈ ಕಡೆ ಸ್ವಲ್ಪ ಉಜ್ಜಬೇಕು ಅಂತ ಹೇಳಲು ಮನುಷ್ಯನೇ ಬೇಕು. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಆಟಿಕೆ ಉದ್ಯಮ ಬೇರು ಬಿಟ್ಟಿರುವುದರಲ್ಲಿ ಇಂಥವರ ಪಾಲು ದೊಡ್ಡದು. ಅಚ್ಚು ಮಾಡುವವರು ಯಾವ ಊರಿನಲ್ಲಿರುತ್ತಾರೋ ಆಟಿಕೆ ಆ ಊರಿನಲ್ಲೇ ಉಳಿಯುತ್ತದೆ.

ಹಾಗಾದರೆ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ಕಲಿಸುವವರು ಯಾರು?

ನಮ್ಮ ನಿಯಮಗಳಲ್ಲಿ ಒಂದು ವಿಚಿತ್ರ ಇದೆ. ಐಟಿಐ ತರಬೇತುದಾರರಾಗಲು ಕೆಲಸದ ಅನುಭವ ಬೇಕು. ಐಟಿಐ ಪಾಸಾದವರಿಗೆ ಮೂರು ವರ್ಷ, ಡಿಪ್ಲೊಮಾ ಆದವರಿಗೆ ಎರಡು, ಎಂಜಿನಿಯರಿಂಗ್ ಪದವಿ ಇದ್ದವರಿಗೆ ಒಂದು. ಅದೇ ಪಾಲಿಟೆಕ್ನಿಕ್ ಉಪನ್ಯಾಸಕರಾಗಲು ಫಸ್ಟ್ ಕ್ಲಾಸ್ ಬಿ.ಇ. ಸಾಕು. ಒಂದು ದಿನವೂ ಕಾರ್ಖಾನೆಯ ಶಾಪ್ ಫ್ಲೋರ್ ತುಳಿಯದೆ ಎರಕದ ಪಾಠ ಮಾಡಬಹುದು. ನನ್ನ ಸಹೋದ್ಯೋಗಿಗಳಲ್ಲಿ ಹಾಗೆ ಬಂದವರಿದ್ದಾರೆ, ಅವರಲ್ಲಿ ಬಹಳ ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ. ಅವರ ತಪ್ಪು ಏನೂ ಇಲ್ಲ, ಅವರಿಗೆ ಫ್ಲೋರ್ ನೋಡುವ ಅವಕಾಶವನ್ನೇ ನಾವು ಕೊಟ್ಟಿಲ್ಲ.

ಅನುಭವದಿಂದ ಪಾಠಕ್ಕೆ ಏನು ಸೇರುತ್ತದೆ ಅಂತ ಹೇಳಲು ನನ್ನದೇ ಒಂದು ಘಟನೆ ಹೇಳುತ್ತೇನೆ. ಎರಕದ ಕಬ್ಬಿಣ ನಿಧಾನ ತಣಿದರೆ ಅದರಲ್ಲಿರುವ ಇಂಗಾಲ ಗ್ರಾಫೈಟ್ ಪದರಗಳಾಗುತ್ತದೆ. ಅಂಥ ಕಬ್ಬಿಣ ಬೂದು ಬಣ್ಣದ್ದು, ಡ್ರಿಲ್ ಸಲೀಸಾಗಿ ಇಳಿಯುತ್ತದೆ. ಬೇಗ ತಣಿದರೆ ಇಂಗಾಲ ಕಬ್ಬಿಣದ ಜೊತೆಗೇ ಸೇರಿ ಬಿಳಿ, ಗಾಜಿನಂಥ ಗಡಸು ಕಬ್ಬಿಣವಾಗುತ್ತದೆ. ತೆಳು ಅಂಚುಗಳಲ್ಲಿ ಹೀಗಾಗದಿರಲಿ ಅಂತ ಲ್ಯಾಡಲ್‌ಗೆ, ಅಂದರೆ ರಸ ಹೊರುವ ಬಕೆಟ್‌ಗೆ, ಸ್ವಲ್ಪ ಫೆರೋಸಿಲಿಕಾನ್ ಹಾಕುತ್ತೇವೆ. ಗ್ರಾಫೈಟ್ ಹುಟ್ಟಲು ಅದು ಬೀಜ ಇದ್ದ ಹಾಗೆ. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ, ನಾನೂ ಓದಿದ್ದೆ.

ಒಂದು ರಾತ್ರಿ ಪಾಳಿಯಲ್ಲಿ ಲ್ಯಾಡಲ್ ತುಂಬಿದ ಮೇಲೆ ಕ್ರೇನ್ ಕೈಕೊಟ್ಟಿತು. ಸರಿ ಮಾಡುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ನಾನು ಬಿಸಿ ಅಳೆದೆ, ಸಾಕಷ್ಟು ಇತ್ತು, ಸುರಿಯಿರಿ ಅಂದೆ. ನಮ್ಮ ಮೇಸ್ತ್ರಿ ತಡೆದರು. "ಬ್ಯಾಡ್ರಿ ಸಾಹೇಬ್ರ, ಮದ್ದು ಸತ್ತಿರ್ತೈತಿ" ಅಂದರು. ನಾನು ಕೇಳಲಿಲ್ಲ. ಎರಕ ನೋಡಲು ಚೆನ್ನಾಗಿಯೇ ಬಂತು. ಮರುದಿನ ಮಷೀನ್ ಶಾಪ್‌ನಿಂದ ಫೋನ್ ಬಂತು, ಒಂದರ ಹಿಂದೆ ಒಂದು ಡ್ರಿಲ್ ಬಿಟ್ ಮುರಿಯುತ್ತಿವೆ ಅಂತ. ಫೆರೋಸಿಲಿಕಾನ್ ಹಾಕಿದ ಬೀಜಗಳು ಹೊತ್ತು ಹೋದ ಹಾಗೆ ರಸದಲ್ಲಿ ಕರಗಿಹೋಗುತ್ತವೆ. ಬಿಸಿ ಉಳಿದಿದ್ದರೂ ಮದ್ದಿನ ಕಸುವು ಉಳಿದಿರುವುದಿಲ್ಲ. ಆ ಲ್ಯಾಡಲ್‌ನಿಂದ ಬಂದ ಎಲ್ಲ ಮಾಲೂ ಮತ್ತೆ ಕುಲುಮೆಗೆ ಹೋಯಿತು. ಆಮೇಲೆ ಪುಸ್ತಕ ತೆಗೆದು ನೋಡಿದೆ. ಆ ವಿಷಯ ಅದರಲ್ಲಿತ್ತು, ಒಂದೇ ಒಂದು ಸಾಲಿನಲ್ಲಿ. ಓದುವಾಗ ಆ ಸಾಲಿಗೆ ಇಷ್ಟು ತೂಕ ಇದೆ ಅಂತ ನನಗೆ ಅನಿಸಿರಲಿಲ್ಲ. ಕ್ಲಾಸಿನಲ್ಲಿ ಆ ಪಾಠ ಬಂದಾಗ ನಾನೀಗ ಮೊದಲು ಕ್ರೇನಿನ ಕಥೆ ಹೇಳುತ್ತೇನೆ. ಅನುಭವ ಇದ್ದವರು ಪಾಠಕ್ಕೆ ತರುವುದು ಬಹಳ ಮಟ್ಟಿಗೆ ಇದೇ. ಹತ್ತು ಸಾಲಿನಲ್ಲಿ ಯಾವ ಸಾಲು ಕೈ ಸುಡುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

ಆದರೆ ಅನುಭವ ಇದ್ದವರೆಲ್ಲ ಕಲಿಸಬಲ್ಲರು ಅಂದರೆ ತಪ್ಪಾಗುತ್ತದೆ. ಪಾಠಕ್ಕೆ ಬಂದ ಮೊದಲ ವರ್ಷ ನಾನು ಸೋತಿದ್ದೆ. ಕೈ ಮಾಡಿ ತೋರಿಸುತ್ತಿತ್ತು, ಬಾಯಿಗೆ ಮಾತು ಬರುತ್ತಿರಲಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಎಷ್ಟು ರೂಢಿಯಾಗಿರುತ್ತದೆ ಅಂದರೆ, ಅದರಲ್ಲಿ ಎಷ್ಟು ಮೆಟ್ಟಿಲಿವೆ ಅನ್ನುವುದೇ ಮರೆತುಹೋಗಿರುತ್ತದೆ. ಹೊಸಬರು ಎಲ್ಲಿ ಎಡವುತ್ತಾರೆ ಅಂತ ಕಾಣಲು ಬೇರೆ ಕಣ್ಣು ಬೇಕು. ಐಟಿಐ ಬೋಧಕರಿಗೆ ಸಿಐಟಿಎಸ್ ಅನ್ನುವ ಒಂದು ವರ್ಷದ ತರಬೇತಿ ಇರುವುದು ಅದಕ್ಕೇ. ಇನ್ನೊಂದು ಮಾತು, ಅನುಭವಕ್ಕೂ ತುಕ್ಕು ಹಿಡಿಯುತ್ತದೆ. ನಾನು ಫ್ಲೋರ್ ಬಿಟ್ಟ ಮೇಲೆ ಅಲ್ಲಿ ಹೊಸ ಯಂತ್ರ ಬಂದಿವೆ. ಬೇಸಿಗೆ ರಜೆಯಲ್ಲಿ ಎರಡು ವಾರ ಗಿಣಿಗೇರಿ, ಬೇವಿನಹಳ್ಳಿ ಕಡೆಯ ಫೌಂಡ್ರಿಗಳಿಗೆ ಹೋಗಿ ನಿಲ್ಲದಿದ್ದರೆ ನಾನು ಹಳೆಯ ಕಾಲದ ಪಾಠ ಮಾಡುವವನಾಗುತ್ತೇನೆ. ಈ ಭಾಗದಲ್ಲಿ ಕಬ್ಬಿಣ, ಉಕ್ಕಿನ ಕೆಲಸಕ್ಕೆ ಕೊರತೆ ಇಲ್ಲ. ಕಾಲೇಜಿನಿಂದ ಬಸ್ ಹತ್ತಿದರೆ ಸಾಕು, ಕಾರ್ಖಾನೆ ಸಿಗುತ್ತದೆ.

ದಾರಿ ಇಲ್ಲವೇ ಇಲ್ಲ ಅಂತಲ್ಲ. 2022ರಲ್ಲಿ ಯುಜಿಸಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅನ್ನುವ ಹುದ್ದೆ ತಂದಿತು. ತಮ್ಮ ಕ್ಷೇತ್ರದಲ್ಲಿ 15 ವರ್ಷ ದುಡಿದು ಹೆಸರು ಮಾಡಿದವರು ಪಿಎಚ್.ಡಿ. ಇಲ್ಲದಿದ್ದರೂ ಕಾಲೇಜಿನಲ್ಲಿ ಪಾಠ ಮಾಡಬಹುದು. ಇವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ 10 ಮೀರುವಂತಿಲ್ಲ, ಒಬ್ಬರು ಹೆಚ್ಚೆಂದರೆ ನಾಲ್ಕು ವರ್ಷ ಇರಬಹುದು. ಒಳ್ಳೆಯ ಹೆಜ್ಜೆ. ಆದರೆ ಅದು ಬಹುತೇಕ ಮೇಲಿನ ಸಾಲಿನವರಿಗೆ, ಮ್ಯಾನೇಜರ್, ನಿರ್ದೇಶಕರ ಮಟ್ಟದವರಿಗೆ ದಕ್ಕುತ್ತದೆ ಅನ್ನುವುದು ನನ್ನ ಅನಿಸಿಕೆ. ನಮ್ಮ ಮೇಸ್ತ್ರಿ ಓದಿದ್ದು ಏಳನೇ ಕ್ಲಾಸು. ಅವರನ್ನು ಯಾವ ಹುದ್ದೆಗೆ ತರೋಣ? ಅತಿಥಿ ಉಪನ್ಯಾಸಕರ ಅರ್ಜಿಯಲ್ಲೂ ಮೊದಲ ಕಾಲಂ ಪದವಿಯದೇ.

ನನಗೆ ಮೆಚ್ಚುಗೆಯಾದ ಮಾದರಿ ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಅದು. ಅಲ್ಲಿ ಕಂಪನಿಗಳಿಗೆ ಬೇಕಾದ ಅಚ್ಚುಗಳನ್ನು ನಿಜವಾಗಿ ಮಾಡಿಕೊಡುತ್ತಾರೆ, ಅದೇ ಸೂರಿನಡಿ ಮಕ್ಕಳು ಕಲಿಯುತ್ತಾರೆ. ಡಿಪ್ಲೊಮಾ ಮೂರು ವರ್ಷ, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ. ಕೆಟ್ಟರೆ ಗಿರಾಕಿ ಕೇಳುತ್ತಾನೆ ಅನ್ನುವ ಭಯ ಇರುವಲ್ಲಿ ಕೈ ತಾನಾಗಿ ಪಳಗುತ್ತದೆ. ಭಾನಾಪುರದಂಥ ಕ್ಲಸ್ಟರ್ ಬಂದ ಕಡೆಗೆಲ್ಲ ಇಂಥದ್ದೊಂದು ಕೂಡಲೇ ಬರಬೇಕು ಅಂತ ನನ್ನ ಆಸೆ. ಅಚ್ಚು ಹೊರಗಿನಿಂದ ತರಿಸಿ ಇಲ್ಲಿ ಬರೀ ಬಟನ್ ಒತ್ತುವುದಾದರೆ, ನಾಳೆ ಇನ್ನೆಲ್ಲೋ ಕೂಲಿ ಕಡಿಮೆ ಅಂತ ಆ ಯಂತ್ರಗಳು ಮತ್ತೆ ಹಡಗು ಹತ್ತುತ್ತವೆ.

ಮೇಸ್ತ್ರಿಗೆ ಹುದ್ದೆ ಕೊಡಲು ನನ್ನಿಂದ ಆಗಲಿಲ್ಲ. ಪ್ರಾಂಶುಪಾಲರನ್ನು ಕೇಳಿ, ಈ ಏಪ್ರಿಲ್‌ನಲ್ಲಿ ಒಂದು ದಿನದ ಮಟ್ಟಿಗೆ ಕರೆಸಿದೆ. ರಿಟೈರ್ ಆಗಿ ಎರಡು ವರ್ಷವಾಗಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಬೋರ್ಡಿನ ಮುಂದೆ ನಿಲ್ಲಿಸಿದಾಗ ಐದು ನಿಮಿಷ ತಡವರಿಸಿದರು. ಆಮೇಲೆ ಚೀಲದಿಂದ ಮೂರು ಕಬ್ಬಿಣದ ತುಂಡು ತೆಗೆದು ಮೇಜಿನ ಮೇಲಿಟ್ಟರು. ರಸ ಸುರಿಯುವ ಮೊದಲು ಪರೀಕ್ಷೆಗೆ ಅಂತ ಎರೆಯುವ, ಬೆಣೆಯಾಕಾರದ ತುಂಡುಗಳು. ಸುತ್ತಿಗೆಯಿಂದ ಒಂದೊಂದನ್ನೇ ಮುರಿದರು. ಮುರಿದ ಮುಖದಲ್ಲಿ ಚೂಪು ತುದಿ ಬೆಳ್ಳಗೆ, ಉಳಿದದ್ದು ಬೂದು. ಒಂದರಲ್ಲಿ ಬಿಳಿ ಪಟ್ಟಿ ಅಗಲ, ಇನ್ನೊಂದರಲ್ಲಿ ಎಳೆಯಷ್ಟು.

"ಇವು ಒಂದ ಲ್ಯಾಡಲ್‌ದವು. ಯಾವುದು ಮೊದ್ಲ ಸುರಿದಿದ್ದು, ಯಾವುದು ಕಡೀಕ? ಹೇಳ್ರಿ ನೋಡೋಣ" ಅಂದರು.

ತುಂಡುಗಳು ಬೆಂಚಿನಿಂದ ಬೆಂಚಿಗೆ ಹೋದವು. ಮಕ್ಕಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ವಾದ ಮಾಡಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಬಿಳಿ ಅಗಲ ಇರೋದು ಕಡೆಯದು, ಅಷ್ಟೊತ್ತಿಗೆ ಮದ್ದು ಸತ್ತಿರುತ್ತೆ ಅಂದಳು. ಕ್ರೇನಿನ ಕಥೆ ಅವಳು ಮರೆತಿರಲಿಲ್ಲ. ಮೇಸ್ತ್ರಿ ನನ್ನ ಕಡೆ ತಿರುಗಿ ನೋಡಿ ನಕ್ಕರು.

ಊಟದ ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ. ಹೊರಡುವಾಗ ಮೇಸ್ತ್ರಿ ರೂಢಿಯಂತೆ ನಮ್ಮ ಮರಳಿನ ರಾಶಿಗೆ ಕೈ ಹಾಕಿ, ಹಿಂಡಿ, ಮುರಿದರು. ಅಂಚು ಉದುರಿತು.

"ನೀರು ಸಾಲದು" ಅಂದರು.

ಯಲಬುರ್ಗಾ ಹುಡುಗ ಅಲ್ಲೇ ಇದ್ದ. "ಮುಂಜಾನಿ ನಾನ ನೋಡೀನ್ರಿ ಕಾಕಾ, ಬರೋಬ್ಬರಿ ಇತ್ತು."

"ಮುಂಜಾನಿ ಇತ್ತೋ ತಮ್ಮಾ. ಈಗ ಬಿಸ್ಲು ನೋಡು."

ಹುಡುಗ ಮೀಟರ್ ತಂದು ಹಚ್ಚಿದ. 2.6 ತೋರಿಸಿತು. ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ನೀರಿನ ಕೊಡ ತರಲು ಹೋದ.